ನಿಂತ ಹೃದಯಕ್ಕೆ ಒಂದು ಮಿಲಿಗ್ರಾಂ ಅಡ್ರಿನಲಿನ್

ಹೃದಯ ಸ್ತಂಭನವೆಂದರೆ ರಕ್ತವನ್ನು ಹೊರಕ್ಕೆ ತಳ್ಳುವ ಕೆಲಸವನ್ನು ಹೃದಯ ಇದ್ದಕ್ಕಿದ್ದಂತೆ ನಿಲ್ಲಿಸಿಬಿಡುವುದು. ನಾಡಿ ಸಿಗುವುದಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಉಸಿರು ನಿಲ್ಲುತ್ತದೆ, ಇಲ್ಲವೇ ಬಿಟ್ಟು ಬಿಟ್ಟು ಬರುವ ಗೊರಕೆಯಂಥ ಎಳೆತವಾಗಿ ಸ್ವಲ್ಪ ಹೊತ್ತು ಉಳಿಯುತ್ತದೆ. ಮಾತುಕತೆಯಲ್ಲಿ ಇದನ್ನು ಹೃದಯಾಘಾತವೆಂದೇ ಕರೆಯುವುದು ರೂಢಿಯಾಗಿದ್ದರೂ ಎರಡೂ ಬೇರೆ. ಹೃದಯಾಘಾತದಲ್ಲಿ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳವೊಂದು ಕಟ್ಟಿಕೊಳ್ಳುತ್ತದೆ. ಎದೆನೋವು, ಬೆವರು ಇರುತ್ತವೆ, ಆದರೆ ಹೃದಯ ಬಡಿಯುತ್ತಲೇ ಇರುತ್ತದೆ, ರೋಗಿ ಮಾತಾಡುತ್ತಿರುತ್ತಾನೆ. ಆ ಆಘಾತವೇ ಮುಂದುವರಿದು ಹೃದಯವನ್ನು ನಿಲ್ಲಿಸಬಹುದು. ನೀರಿನಲ್ಲಿ ಮುಳುಗುವುದು, ವಿದ್ಯುತ್ ತಗಲುವುದು, ವಿಪರೀತ ರಕ್ತಸ್ರಾವ, ಉಸಿರುಗಟ್ಟುವುದು, ಹುಟ್ಟಿನಿಂದ ಬಂದ ಹೃದಯದ ದೋಷ ಇವೂ ನಿಲ್ಲಿಸಬಹುದು. ಕಾರಣ ಯಾವುದೇ ಇರಲಿ, ನಾಲ್ಕೈದು ನಿಮಿಷ ರಕ್ತ ಸಿಗದಿದ್ದರೆ ಮಿದುಳಿನ ಕೋಶಗಳು ಹಾಳಾಗತೊಡಗುತ್ತವೆ.

ಆಸ್ಪತ್ರೆಯೊಳಗೆ ಹೃದಯ ನಿಂತರೆ ವೈದ್ಯರು, ಆಮ್ಲಜನಕ, ಶಾಕ್ ಕೊಡುವ ಯಂತ್ರ, ಮೊದಲೇ ಹಾಕಿಟ್ಟ ಡ್ರಿಪ್ ಸೂಜಿ ಎಲ್ಲವೂ ಕೈಗೆಟಕುವಷ್ಟು ಹತ್ತಿರ ಇರುತ್ತವೆ. ಮನೆಯ ಪಡಸಾಲೆಯಲ್ಲಿ, ಬಸ್ ನಿಲ್ದಾಣದಲ್ಲಿ, ಹೊಲದ ಬದುವಿನ ಮೇಲೆ ಹೃದಯ ನಿಂತರೆ ಇವು ಯಾವುವೂ ಇಲ್ಲ. ಅಲ್ಲಿ ಮೊದಲು ಸಿಗುವುದು ಪಕ್ಕದಲ್ಲಿರುವವರ ಎರಡು ಕೈ. ಆಮೇಲೆ, ಕೆಲವು ನಿಮಿಷಗಳ ನಂತರ, ಆಂಬ್ಯುಲೆನ್ಸ್. ಜಗತ್ತಿನ ಬಹುಪಾಲು ಆಂಬ್ಯುಲೆನ್ಸ್‌ಗಳ ಔಷಧ ಪೆಟ್ಟಿಗೆಯಲ್ಲಿ ಈ ಹೊತ್ತಿಗೆಂದೇ ಇಟ್ಟಿರುವ ಒಂದು ಮದ್ದು ಅಡ್ರಿನಲಿನ್. ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಅದು ಅಲ್ಲಿದೆ. ಅದು ನಿಜಕ್ಕೂ ಎಷ್ಟು ಜನರನ್ನು ಉಳಿಸುತ್ತದೆ, ಉಳಿದವರನ್ನು ಯಾವ ಸ್ಥಿತಿಯಲ್ಲಿ ಮನೆಗೆ ಕಳಿಸುತ್ತದೆ ಎಂಬ ಪ್ರಶ್ನೆಗೆ ಗಟ್ಟಿಯಾದ ಉತ್ತರ ಸಿಕ್ಕಿದ್ದು ಮಾತ್ರ 2018ರಲ್ಲಿ.

ಅಡ್ರಿನಲಿನ್ ಹೊರಗಿನಿಂದ ಬಂದ ವಸ್ತುವಲ್ಲ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಎರಡು ಪುಟ್ಟ ಗ್ರಂಥಿಗಳು ಅದನ್ನು ಸದಾ ತಯಾರಿಸುತ್ತಿರುತ್ತವೆ. ಭಯ, ಸಿಟ್ಟು, ಗಾಯದ ಹೊತ್ತಿನಲ್ಲಿ ರಕ್ತಕ್ಕೆ ಹೆಚ್ಚಾಗಿ ಸುರಿಯುತ್ತವೆ. ಈ ಗ್ರಂಥಿಯ ಸಾರವನ್ನು ಪ್ರಾಣಿಯ ರಕ್ತಕ್ಕೆ ಸೇರಿಸಿದರೆ ರಕ್ತದೊತ್ತಡ ಥಟ್ಟನೆ ಏರುತ್ತದೆ ಎಂಬುದನ್ನು ಲಂಡನ್ನಿನಲ್ಲಿ ಜಾರ್ಜ್ ಆಲಿವರ್ ಮತ್ತು ಎಡ್ವರ್ಡ್ ಶೇಫರ್ 1894ರಲ್ಲಿ ತೋರಿಸಿದರು. 1901ರ ವೇಳೆಗೆ ಅಮೆರಿಕದಲ್ಲಿ ನೆಲೆಸಿದ್ದ ಜಪಾನಿನ ರಸಾಯನ ವಿಜ್ಞಾನಿ ಜೋಕಿಚಿ ತಕಾಮಿನೆ, ಸಹಾಯಕ ಕೈಜೊ ಉಯೆನಾಕಾ ಜೊತೆಗೂಡಿ, ಅದನ್ನು ಶುದ್ಧ ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಔಷಧದಂಗಡಿಗೆ ಬಂದ ಮೊದಲ ಶುದ್ಧ ಹಾರ್ಮೋನು ಅದೇ ಎನ್ನಬಹುದು. ಅಮೆರಿಕದಲ್ಲಿ ಇದಕ್ಕೆ ಎಪಿನೆಫ್ರಿನ್ ಎಂಬ ಹೆಸರು ಬಳಕೆಯಲ್ಲಿದೆ, ವಸ್ತು ಒಂದೇ.

ಸತ್ತಂತಾದ ದೇಹವನ್ನು ಮರಳಿಸಲು ಇದು ನೆರವಾದೀತೆ ಎಂಬ ಯೋಚನೆ ಬೇಗನೆ ಹುಟ್ಟಿತು. ಕ್ಲೀವ್‌ಲ್ಯಾಂಡಿನ ಶಸ್ತ್ರವೈದ್ಯ ಜಾರ್ಜ್ ಕ್ರೈಲ್ 20ನೇ ಶತಮಾನದ ಮೊದಲ ದಶಕದಲ್ಲೇ, ಅರಿವಳಿಕೆ ಮಿತಿಮೀರಿ ಅಥವಾ ಉಸಿರುಗಟ್ಟಿ ಹೃದಯ ನಿಂತ ನಾಯಿಗಳ ಮೇಲೆ, ಎದೆ ಒತ್ತುವುದು, ಕೃತಕ ಉಸಿರಾಟ ಮತ್ತು ಅಡ್ರಿನಲಿನ್ ಮೂರನ್ನೂ ಒಟ್ಟಿಗೆ ಪ್ರಯೋಗಿಸಿ ನೋಡಿದ. ಆ ಕೆಲಸ ದಶಕಗಳ ಕಾಲ ಮೂಲೆಗೆ ಬಿತ್ತು. 1960ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಕೌವೆನ್‌ಹೋವೆನ್, ಜೂಡ್ ಮತ್ತು ನಿಕರ್‌ಬಾಕರ್ ಎದೆಯನ್ನು ಬಿಚ್ಚದೆ ಹೊರಗಿನಿಂದಲೇ ಒತ್ತಿ ರಕ್ತ ಹರಿಸುವ ವಿಧಾನವನ್ನು ಪ್ರಕಟಿಸಿದ ಮೇಲೆ, ಅದರ ಜೊತೆಗೆ ಯಾವ ಔಷಧ ಕೊಡಬೇಕೆಂಬ ಹುಡುಕಾಟಕ್ಕೆ ಮತ್ತೆ ಜೀವ ಬಂತು. ಪಿಯರ್ಸನ್ ಮತ್ತು ರೆಡಿಂಗ್ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಅಡ್ರಿನಲಿನ್ ಪಡೆದ ಪ್ರಾಣಿಗಳಲ್ಲಿ ಹೆಚ್ಚಿನವುಗಳ ಹೃದಯ ಮತ್ತೆ ಬಡಿಯಿತು. ಪಡೆಯದವುಗಳಲ್ಲಿ ಅಂಥವು ತೀರಾ ಕಡಿಮೆ. 1974ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಮಾರ್ಗಸೂಚಿ ಬಂದಾಗ ಅದರಲ್ಲಿ ಅಡ್ರಿನಲಿನ್‌ಗೆ ಖಾಯಂ ಜಾಗವಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ನಾಯಿಗಳು ಎಳೆಯ ವಯಸ್ಸಿನ, ಆರೋಗ್ಯವಂತ ಪ್ರಾಣಿಗಳು. ಹೃದಯ ನಿಂತ ಕೆಲವೇ ನಿಮಿಷಗಳಲ್ಲಿ ಅವಕ್ಕೆ ಔಷಧ ಸಿಕ್ಕಿತ್ತು. ಮನೆಯಲ್ಲಿ ಕುಸಿದು ಬೀಳುವ ಮನುಷ್ಯರಲ್ಲಿ ಹೆಚ್ಚಿನವರು ವಯಸ್ಸಾದವರು, ರಕ್ತನಾಳಗಳಲ್ಲಿ ಮೊದಲೇ ಕೊಬ್ಬು ಕಟ್ಟಿಕೊಂಡವರು. ಔಷಧ ಅವರನ್ನು ತಲುಪುವ ಹೊತ್ತಿಗೆ ಹತ್ತಿಪ್ಪತ್ತು ನಿಮಿಷ ಕಳೆದಿರುತ್ತದೆ. ಡೋಸಿನ ಕತೆಯೂ ಹೀಗೆಯೇ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ವೈದ್ಯರು ನೇರವಾಗಿ ಹೃದಯಕ್ಕೇ ಚುಚ್ಚುತ್ತಿದ್ದ ಸುಮಾರು 1 ಮಿಲಿಗ್ರಾಂ ಪ್ರಮಾಣವೇ ಮುಂದೆ ತೋಳಿನ ಅಭಿಧಮನಿಗೂ ಬಂತು. 45 ಕಿಲೋ ತೂಕದ ಹೆಂಗಸಿಗೂ 95 ಕಿಲೋ ತೂಕದ ಗಂಡಸಿಗೂ ಅದೇ 1 ಮಿಲಿಗ್ರಾಂ. ಮಕ್ಕಳಿಗೆ ಮಾತ್ರ ತೂಕ ನೋಡಿ ಕೊಡುತ್ತಾರೆ. ಇಷ್ಟು ವ್ಯಾಪಕವಾಗಿ ಬಳಕೆಯಾದ ಔಷಧವೊಂದು ಇಷ್ಟು ತೆಳುವಾದ ಆಧಾರದ ಮೇಲೆ ಇಷ್ಟು ವರ್ಷ ನಿಂತಿದ್ದು ವೈದ್ಯವಿಜ್ಞಾನದ ಚರಿತ್ರೆಯಲ್ಲಿ ಗಂಭೀರವಾಗಿ ಯೋಚಿಸಬೇಕಾದ ವಿಷಯ.

ಔಷಧ ಕೆಲಸ ಮಾಡುವ ಬಗೆ ತಿಳಿದರೆ ಅದರ ಗುಣ, ದೋಷ ಎರಡೂ ತಿಳಿಯುತ್ತವೆ. ಎದೆಯನ್ನು ಎಷ್ಟೇ ಚೆನ್ನಾಗಿ ಒತ್ತಿದರೂ ಸಹಜ ಹೃದಯ ಹರಿಸುವ ರಕ್ತದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಮಾತ್ರ ಹರಿಯುತ್ತದೆ. ಅಷ್ಟು ಕಡಿಮೆ ರಕ್ತ ಇಡೀ ಮೈಗೆ ಹಂಚಿಹೋದರೆ ಹೃದಯದ ಸ್ನಾಯುವಿಗೆ ಸಿಗುವುದು ಅತ್ಯಲ್ಪ. ಅಡ್ರಿನಲಿನ್ ಚರ್ಮ, ಕರುಳು, ಕೈಕಾಲುಗಳ ಸಣ್ಣ ಅಪಧಮನಿಗಳನ್ನು ಬಿಗಿಯಾಗಿ ಕುಗ್ಗಿಸುತ್ತದೆ. ಬಾವಿಯಲ್ಲಿ ನೀರು ಕಡಿಮೆಯಾದಾಗ ರೈತ ಬೇರೆ ಸಾಲುಗಳ ಬಾಯಿಗೆ ಮಣ್ಣು ಕಟ್ಟಿ ಬಾಡುತ್ತಿರುವ ಮಡಿಯತ್ತ ನೀರು ತಿರುಗಿಸುತ್ತಾನಲ್ಲ, ಹೆಚ್ಚೂಕಡಿಮೆ ಅದೇ ಕೆಲಸ ಇದು. ಹೊರವಲಯದ ದಾರಿಗಳು ಮುಚ್ಚಿದಾಗ ಮಹಾಪಧಮನಿಯಲ್ಲಿ ಒತ್ತಡ ಏರುತ್ತದೆ. ಅಲ್ಲಿಂದಲೇ ಕವಲೊಡೆಯುವ ಕರೋನರಿ ನಾಳಗಳಿಗೆ, ಅಂದರೆ ಹೃದಯದ ಸ್ವಂತ ರಕ್ತನಾಳಗಳಿಗೆ, ಹೆಚ್ಚು ರಕ್ತ ನುಗ್ಗುತ್ತದೆ.

ಕೈ ಒತ್ತಿ ಬಿಟ್ಟ ಕ್ಷಣದಲ್ಲಿ ಮಹಾಪಧಮನಿಯ ಒತ್ತಡಕ್ಕೂ ಬಲ ಹೃತ್ಕರ್ಣದ ಒತ್ತಡಕ್ಕೂ ಇರುವ ವ್ಯತ್ಯಾಸವೇ ಹೃದಯಕ್ಕೆ ರಕ್ತ ನೂಕುವ ಬಲ. ಅಮೆರಿಕದಲ್ಲಿ ನಾರ್ಮನ್ ಪ್ಯಾರಡಿಸ್ ಮತ್ತು ಸಂಗಡಿಗರು 100 ರೋಗಿಗಳಲ್ಲಿ ಈ ಒತ್ತಡವನ್ನು ಅಳೆದು 1990ರಲ್ಲಿ ಪ್ರಕಟಿಸಿದರು: 15 ಮಿಲಿಮೀಟರ್ ಪಾದರಸಕ್ಕಿಂತ ಮೇಲೆ ಅದು ಒಮ್ಮೆಯೂ ಏರದ ಯಾರ ಹೃದಯವೂ ಮತ್ತೆ ಬಡಿಯಲಿಲ್ಲ. ಅಡ್ರಿನಲಿನ್ ಆ ಹೊಸ್ತಿಲನ್ನು ದಾಟಿಸಬಲ್ಲುದು. ಅದರ ಬಲವೆಲ್ಲ ಇಲ್ಲಿದೆ.

ತೊಂದರೆಯೂ ಇಲ್ಲಿಂದಲೇ ಶುರುವಾಗುತ್ತದೆ. ನಾಳಗಳನ್ನು ಕುಗ್ಗಿಸುವ ಗುಣ ಮಿದುಳಿನ ಅತಿಸೂಕ್ಷ್ಮ ನಾಳಗಳನ್ನೂ ಬಿಡುವುದಿಲ್ಲ. ಹಂದಿಗಳ ಮೇಲಿನ ಪ್ರಯೋಗಗಳಲ್ಲಿ, ದೊಡ್ಡ ನಾಳದ ಒತ್ತಡ ಏರಿದಾಗಲೂ ಮಿದುಳಿನ ಮೇಲ್ಪದರದ ಸೂಕ್ಷ್ಮ ನಾಳಗಳಲ್ಲಿ ಹರಿವು ಇಳಿದದ್ದು ಕಂಡುಬಂದಿದೆ. ಹೃದಯವನ್ನು ಜೋರಾಗಿ, ವೇಗವಾಗಿ ಬಡಿಯುವಂತೆ ಉತ್ತೇಜಿಸುವುದು ಈ ಹಾರ್ಮೋನಿನ ಇನ್ನೊಂದು ಗುಣ. ಆಮ್ಲಜನಕಕ್ಕಾಗಿ ಹಸಿದಿರುವ ಸ್ನಾಯು ಇನ್ನಷ್ಟು ಆಮ್ಲಜನಕ ಬೇಡುತ್ತದೆ. ಬಡಿತ ಮರಳಿದ ಮೇಲೂ ಲಯ ತಪ್ಪುವ ಅಪಾಯ ಹೆಚ್ಚುತ್ತದೆ. ರಕ್ತದ ಪ್ಲೇಟ್‌ಲೆಟ್‌ಗಳನ್ನು ಕೆರಳಿಸಿ ಸಣ್ಣ ಹೆಪ್ಪುಗಳು ಕಟ್ಟಲೂ ಅದು ಕಾರಣವಾಗಬಹುದು. ಒಂದೇ ಔಷಧ ಹೃದಯದ ಕಡೆ ನೋಡಿದರೆ ವರ, ಮಿದುಳಿನ ಕಡೆ ನೋಡಿದರೆ ಅನುಮಾನ.

ಕೊಡುವ ಕ್ರಮ ಸರಳ. ಒಂದು ಮಿಲಿಲೀಟರಿನ ಸಣ್ಣ ಗಾಜಿನ ಆಂಪೂಲಿನಲ್ಲಿ 1 ಮಿಲಿಗ್ರಾಂ ಇರುತ್ತದೆ. ಅದನ್ನು ಅಭಿಧಮನಿಗೆ ಹಾಕಿ, ತೋಳಿನಿಂದ ಹೃದಯದತ್ತ ಸಾಗಲೆಂದು ಹಿಂದೆಯೇ ಸಲೈನ್ ನೂಕುತ್ತಾರೆ. ಕೆಲವು ದೇಶಗಳಲ್ಲಿ 10 ಮಿಲಿಲೀಟರಿಗೆ ತೆಳುಗೊಳಿಸಿ ತುಂಬಿಟ್ಟ ಸಿರಿಂಜೇ ಸಿಗುತ್ತದೆ. ಔಷಧದ ಪ್ರಭಾವ ಕೆಲವೇ ನಿಮಿಷಗಳಲ್ಲಿ ಇಳಿದುಹೋಗುವುದರಿಂದ ಪ್ರತಿ 3ರಿಂದ 5 ನಿಮಿಷಕ್ಕೊಮ್ಮೆ ಮತ್ತೆ ಕೊಡಬೇಕು. ಈ ಹೊತ್ತಿನಲ್ಲಿ ಎದೆ ಒತ್ತುವುದು ನಿಲ್ಲಕೂಡದು. ರಕ್ತ ಹರಿಯದಿದ್ದರೆ ಚುಚ್ಚಿದ ಔಷಧ ಚುಚ್ಚಿದಲ್ಲೇ ಉಳಿಯುತ್ತದೆ. ಜೇನುಹುಳು ಕಡಿದೋ ಔಷಧ ಒಗ್ಗದೆಯೋ ಮೈಯೆಲ್ಲ ಬಾತು ಉಸಿರುಕಟ್ಟುವ ಅಲರ್ಜಿಯ ಆಘಾತಕ್ಕೂ ಇದೇ ಅಡ್ರಿನಲಿನ್ ಬೇಕು. ಆದರೆ ಅಲ್ಲಿ ಹೃದಯ ಬಡಿಯುತ್ತಿರುತ್ತದೆ. ವಯಸ್ಕರಿಗೆ ಅರ್ಧ ಮಿಲಿಗ್ರಾಂ, ಅದೂ ತೊಡೆಯ ಸ್ನಾಯುವಿಗೆ. ಆ ಬಳಕೆಯ ಬಗ್ಗೆ ವೈದ್ಯರಲ್ಲಿ ಭಿನ್ನಾಭಿಪ್ರಾಯವಿಲ್ಲ. ಮುಂದೆ ಹೇಳುವ ಸಂದೇಹಗಳು ಯಾವುವೂ ಅದಕ್ಕೆ ಅನ್ವಯಿಸುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು.

ಯಾವಾಗ ಕೊಡಬೇಕೆಂಬುದು ಹೃದಯದ ವಿದ್ಯುತ್ ಲಯವನ್ನು ಅವಲಂಬಿಸಿದೆ. ನಿಂತ ಹೃದಯಗಳೆಲ್ಲ ಒಂದೇ ಬಗೆಯಲ್ಲಿ ನಿಂತಿರುವುದಿಲ್ಲ. ಕೆಲವರಲ್ಲಿ ಹೃತ್ಕುಕ್ಷಿಯ ಸ್ನಾಯು ಲಯವಿಲ್ಲದೆ ಅದುರುತ್ತಿರುತ್ತದೆ. ಇದಕ್ಕೆ ವೆಂಟ್ರಿಕ್ಯುಲರ್ ಫಿಬ್ರಿಲೇಷನ್ ಎಂದು ಹೆಸರು. ಇದಕ್ಕೆ ಮದ್ದು ವಿದ್ಯುತ್ ಶಾಕ್. ಆದಷ್ಟು ಬೇಗ ಶಾಕ್ ಕೊಟ್ಟರೆ ಅಡ್ರಿನಲಿನ್ ಬೇಕಾಗದೆಯೂ ಹೋಗಬಹುದು. ಶಾಕ್‌ಗೆ ಬಗ್ಗದಿದ್ದಾಗ, ಯುರೋಪಿನ ಪದ್ಧತಿಯಲ್ಲಿ ಮೂರನೇ ಶಾಕ್ ಆದ ಮೇಲೆ, ಔಷಧ ಕೊಡುತ್ತಾರೆ. ಉಳಿದವರಲ್ಲಿ ಇಸಿಜಿ ಗೆರೆ ಚಪ್ಪಟೆಯಾಗಿರುತ್ತದೆ, ಇಲ್ಲವೇ ಗೆರೆ ಏರಿಳಿಯುತ್ತಿದ್ದರೂ ನಾಡಿ ಇರುವುದಿಲ್ಲ. ಇವರಿಗೆ ಶಾಕ್ ಪ್ರಯೋಜನವಿಲ್ಲ. ಎದೆ ಒತ್ತುವುದು, ಉಸಿರು ಕೊಡುವುದು, ಕಾರಣ ಹುಡುಕುವುದನ್ನು ಬಿಟ್ಟರೆ ಇರುವುದು ಅಡ್ರಿನಲಿನ್ ಒಂದೇ. ಆದ್ದರಿಂದ ಇಂಥವರಿಗೆ ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಕೊಡಬೇಕೆಂಬುದು ಈಗಿನ ನಿಯಮ.

ಸಂದೇಹ ಮೊದಲು ಮೂಡಿದ್ದು ಡೋಸಿನ ವಿಷಯದಲ್ಲಿ. 1 ಮಿಲಿಗ್ರಾಂ ಒಳ್ಳೆಯದಾದರೆ 5 ಇನ್ನೂ ಒಳ್ಳೆಯದಿರಬೇಕು ಎಂದು 1980, 90ರ ದಶಕಗಳಲ್ಲಿ ಹಲವರು ನಂಬಿದರು. ಯುರೋಪಿನಲ್ಲಿ 3,327 ರೋಗಿಗಳ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಪ್ರಯೋಗ ಈ ನಂಬಿಕೆಯನ್ನು ಮುರಿಯಿತು. ದೊಡ್ಡ ಡೋಸ್ ಪಡೆದವರಲ್ಲಿ ಶೇ. 40.4 ಮಂದಿಯ ಹೃದಯ ಮತ್ತೆ ಬಡಿಯಿತು; ಸಾಮಾನ್ಯ ಡೋಸಿನಲ್ಲಿ ಶೇ. 36.4. ಆದರೆ ಆಸ್ಪತ್ರೆಯಿಂದ ಜೀವಂತ ಮನೆಗೆ ಹೋದವರು ದೊಡ್ಡ ಡೋಸಿನಲ್ಲಿ ಶೇ. 2.3, ಸಾಮಾನ್ಯ ಡೋಸಿನಲ್ಲಿ ಶೇ. 2.8. ಬಡಿತ ಮರಳುವುದು ಬೇರೆ, ಬದುಕಿ ಮನೆಗೆ ಹೋಗುವುದು ಬೇರೆ ಎಂಬುದು ಇಲ್ಲಿ ಅಂಕಿಗಳಲ್ಲೇ ಕಂಡಿತು.

ಹಾಗಾದರೆ 1 ಮಿಲಿಗ್ರಾಮಾದರೂ ಬೇಕೆ? 2009ರಲ್ಲಿ ಪ್ರಕಟವಾದ ಓಸ್ಲೋ ನಗರದ ಅಧ್ಯಯನದಲ್ಲಿ 851 ರೋಗಿಗಳನ್ನು ಅಭಿಧಮನಿಯ ಔಷಧಗಳನ್ನು ಪಡೆಯುವ, ಪಡೆಯದ ಎರಡು ಗುಂಪುಗಳಾಗಿ ಚೀಟಿ ಎತ್ತಿದಂತೆ ವಿಂಗಡಿಸಲಾಯಿತು. ಔಷಧದ ಗುಂಪಿನಲ್ಲಿ ಹೆಚ್ಚು ಹೃದಯಗಳು ಬಡಿದವು, ಆದರೆ ಜೀವಂತ ಮನೆಗೆ ಹೋದವರು ಶೇ. 10.5 ಮತ್ತು 9.2, ಖಚಿತವೆನ್ನುವಂಥ ವ್ಯತ್ಯಾಸ ಅಲ್ಲ. 2012ರಲ್ಲಿ ಜಪಾನಿನಿಂದ ಬಂದ ವರದಿ ಹೆಚ್ಚು ಕಳವಳ ಹುಟ್ಟಿಸಿತು. ಆಸ್ಪತ್ರೆಯ ಹೊರಗೆ ಹೃದಯ ನಿಂತ ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ಪರಿಶೀಲಿಸಿದಾಗ, ಅಡ್ರಿನಲಿನ್ ಪಡೆದವರಲ್ಲಿ ಬಡಿತ ಮರಳಿದ್ದು ಹೆಚ್ಚು, ಆದರೆ ಒಂದು ತಿಂಗಳ ನಂತರ ಮಿದುಳು ಸರಿಯಾಗಿ ಉಳಿದವರು ಕಡಿಮೆ. ಇಂಥ ದಾಖಲೆ ಅಧ್ಯಯನದಲ್ಲಿ ಒಂದು ಬಲೆ ಇದೆ: ಒಂದೆರಡು ನಿಮಿಷದ ಎದೆ ಒತ್ತುವಿಕೆಗೆ, ಮೊದಲ ಶಾಕ್‌ಗೆ ಚೇತರಿಸಿಕೊಂಡವರಿಗೆ ಔಷಧದ ಅಗತ್ಯವೇ ಬೀಳುವುದಿಲ್ಲ. ಔಷಧ ಸಿಗುವುದು ಹೊತ್ತು ಕಳೆದರೂ ಎಚ್ಚರವಾಗದವರಿಗೆ, ಅಂದರೆ ಮೊದಲೇ ಕಷ್ಟದಲ್ಲಿರುವವರಿಗೆ. ಹೋಲಿಕೆ ನ್ಯಾಯವಾಗಿರಬೇಕಾದರೆ ಯಾರಿಗೆ ಔಷಧ, ಯಾರಿಗೆ ಬರಿ ಸಲೈನ್ ಎಂಬುದು ಕೊಡುವವರಿಗೂ ತಿಳಿಯದಂಥ ಪ್ರಯೋಗವೇ ಬೇಕು.

ಅದನ್ನು ಮೊದಲು ಮಾಡಹೊರಟವರು ಪಶ್ಚಿಮ ಆಸ್ಟ್ರೇಲಿಯಾದವರು. ಸುಮಾರು 5,000 ಜನರನ್ನು ಸೇರಿಸುವ ಯೋಜನೆ ಇತ್ತು. ಜೀವ ಉಳಿಸುವ ಔಷಧವನ್ನು ತಡೆಹಿಡಿಯುವುದು ಸರಿಯೇ ಎಂಬ ಆಕ್ಷೇಪಗಳ ನಡುವೆ ಭಾಗವಹಿಸಬೇಕಿದ್ದ ಬೇರೆ ಆಂಬ್ಯುಲೆನ್ಸ್ ಸೇವೆಗಳು ಹಿಂದೆ ಸರಿದವು. ಕೊನೆಗೆ 534 ಜನರ ಫಲಿತಾಂಶ ಮಾತ್ರ 2011ರಲ್ಲಿ ಹೊರಬಂತು. ಅಡ್ರಿನಲಿನ್ ಮತ್ತು ಸಲೈನ್ ಗುಂಪುಗಳಲ್ಲಿ ಬಡಿತ ಮರಳಿದ್ದು ಕ್ರಮವಾಗಿ ಶೇ. 23.5 ಮತ್ತು 8.4, ಮನೆಗೆ ಹೋದವರು ಶೇ. 4.0 ಮತ್ತು 1.9. ಎರಡನೆಯ ಅಂತರ ಔಷಧದಿಂದಲೇ ಬಂತೆಂದು ಹೇಳಲು ಸಂಖ್ಯೆ ಸಾಲದು. ಒಂದು ಔಷಧ ಉಳಿಸುತ್ತದೆಯೋ ಇಲ್ಲವೋ ಗೊತ್ತಿಲ್ಲದಿದ್ದಾಗ ಅದನ್ನು ಪರೀಕ್ಷಿಸದೆ ಕೊಡುತ್ತಲೇ ಹೋಗುವುದೂ ರೋಗಿಯ ಮೇಲೆ ನಡೆಯುವ ಪ್ರಯೋಗವೇ. ವ್ಯತ್ಯಾಸವೆಂದರೆ ಅದರಿಂದ ಯಾರೂ ಏನನ್ನೂ ಕಲಿಯುವುದಿಲ್ಲ.

ಉತ್ತರ ಬಂದದ್ದು ಬ್ರಿಟನ್ನಿನಿಂದ. ವಾರಿಕ್ ವಿಶ್ವವಿದ್ಯಾಲಯದ ಗ್ಯಾವಿನ್ ಪರ್ಕಿನ್ಸ್ ನೇತೃತ್ವದ ಪ್ಯಾರಾಮೆಡಿಕ್-2 ಎಂಬ ಪ್ರಯೋಗ 2014ರ ಡಿಸೆಂಬರಿನಿಂದ 2017ರ ಅಕ್ಟೋಬರ್‌ವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಐದು ಆಂಬ್ಯುಲೆನ್ಸ್ ಸೇವೆಗಳಲ್ಲಿ ನಡೆಯಿತು. ಆಂಬ್ಯುಲೆನ್ಸ್ ಸಿಬ್ಬಂದಿಗೆ ಒಂದೇ ಥರ ಕಾಣುವ, ಸಂಖ್ಯೆ ಮಾತ್ರ ಬರೆದ ಔಷಧ ಪೊಟ್ಟಣಗಳನ್ನು ಕೊಡಲಾಯಿತು. ಕೆಲವುದರಲ್ಲಿ ಅಡ್ರಿನಲಿನ್ ತುಂಬಿದ ಸಿರಿಂಜುಗಳು, ಕೆಲವುದರಲ್ಲಿ ಸಲೈನ್. ಯಾವುದು ಯಾವುದೆಂದು ತೆರೆದವರಿಗೂ ಗೊತ್ತಿಲ್ಲ. 16 ವರ್ಷಕ್ಕಿಂತ ಚಿಕ್ಕವರು, ಗರ್ಭಿಣಿಯರು, ಅಲರ್ಜಿಯ ಆಘಾತ ಅಥವಾ ಆಸ್ತಮಾದಿಂದ ಹೃದಯ ನಿಂತವರನ್ನು ಸೇರಿಸಲಿಲ್ಲ. ಎದೆ ಒತ್ತುವಿಕೆಗೆ ಇಲ್ಲವೇ ಶಾಕ್‌ಗೆ ಮೊದಲೇ ಚೇತರಿಸಿಕೊಂಡವರಿಗೆ ಪೊಟ್ಟಣ ತೆರೆಯುವ ಪ್ರಸಂಗವೇ ಬರಲಿಲ್ಲ. ಹೀಗೆ ಉಳಿದವರು 8,014.

ಒಪ್ಪಿಗೆಯ ಪ್ರಶ್ನೆ ಇಲ್ಲಿ ಬಹಳ ಕಠಿಣವಾದದ್ದು. ಪ್ರಜ್ಞೆಯಿಲ್ಲದವರನ್ನು ಕೇಳುವಂತಿಲ್ಲ, ನೆಲದ ಮೇಲೆ ಬಿದ್ದ ತಂದೆಯ ಪಕ್ಕ ನಿಂತ ಮಗಳ ಮುಂದೆ ಅರ್ಜಿ ಹಿಡಿಯುವಷ್ಟು ಹೊತ್ತೂ ಇಲ್ಲ. ಬ್ರಿಟನ್ನಿನ ಕಾನೂನು ಇಂಥ ತುರ್ತಿನಲ್ಲಿ, ನೈತಿಕ ಸಮಿತಿಯ ಅನುಮತಿಯೊಂದಿಗೆ, ಮೊದಲು ಚಿಕಿತ್ಸೆ ಕೊಟ್ಟು ಬದುಕಿದವರಿಂದ ಆಮೇಲೆ ಒಪ್ಪಿಗೆ ಪಡೆಯಲು ಅವಕಾಶ ಕೊಡುತ್ತದೆ. ಬೇಡವೆನ್ನುವವರಿಗೆ ಮುಂಚಿತವಾಗಿ ಹೆಸರು ನೋಂದಾಯಿಸಿ ಕೈಗೆ ಗುರುತಿನ ಬಳೆ ಧರಿಸುವ ದಾರಿ ಇತ್ತು. ತೀರಿಕೊಂಡವರ ಮನೆಯವರನ್ನು ಮಾತ್ರ ಹುಡುಕಿಕೊಂಡು ಹೋಗಿ ತಿಳಿಸಲಿಲ್ಲ. ದುಃಖದ ಮೇಲೆ ಇನ್ನೊಂದು ಭಾರ ಹೊರಿಸಬಾರದೆಂದು ಮಾಹಿತಿಯನ್ನು ಸಾರ್ವಜನಿಕವಾಗಿ ಪ್ರಕಟಿಸಿ, ಬೇಕಾದವರು ಕೇಳಿ ತಿಳಿಯುವಂತೆ ಬಿಟ್ಟರು. ಇದು ಸಾಕೇ ಎಂಬ ಚರ್ಚೆ ಆಗ ಪತ್ರಿಕೆಗಳಲ್ಲಿ ನಡೆಯಿತು. ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಈ 8,014 ಜನರಿಂದ ಸಿಕ್ಕ ತಿಳಿವಳಿಕೆ ಬೇರೆ ಯಾವ ದಾರಿಯಿಂದಲೂ ಸಿಗುತ್ತಿರಲಿಲ್ಲ.

ಫಲಿತಾಂಶ 2018ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಬಡಿತ ಮರಳಿದ್ದು ಅಡ್ರಿನಲಿನ್ ಗುಂಪಿನಲ್ಲಿ ಶೇ. 36.3, ಸಲೈನ್ ಗುಂಪಿನಲ್ಲಿ ಶೇ. 11.7. ಮೂರು ಪಟ್ಟು ಹೆಚ್ಚು. 30 ದಿನಗಳ ನಂತರ ಬದುಕಿದ್ದವರು ಶೇ. 3.2 ಮತ್ತು ಶೇ. 2.4. ಈ ಅಂತರ ಚಿಕ್ಕದಾದರೂ ಆಕಸ್ಮಿಕವಲ್ಲ. ಅಡ್ರಿನಲಿನ್ ಜೀವ ಉಳಿಸುತ್ತದೆ ಎಂಬುದು ಮೊದಲ ಬಾರಿಗೆ ಸಾಬೀತಾಯಿತು. ಆಸ್ಪತ್ರೆ ಬಿಡುವಾಗ ಮಿದುಳಿನ ಕೆಲಸ ಚೆನ್ನಾಗಿ ಉಳಿದಿದ್ದವರು ಶೇ. 2.2 ಮತ್ತು ಶೇ. 1.9. ಇದರಲ್ಲಿ ಮಾತ್ರ ವ್ಯತ್ಯಾಸ ಇದೆಯೆಂದು ಖಚಿತವಾಗಿ ಹೇಳುವಂತಿಲ್ಲ. ಬದುಕುಳಿದವರಲ್ಲೇ ಲೆಕ್ಕ ಹಾಕಿದರೆ, ನಡೆಯಲು, ಉಣ್ಣಲು, ಮೈ ತೊಳೆಯಲು ಇನ್ನೊಬ್ಬರನ್ನು ಅವಲಂಬಿಸುವಷ್ಟು ತೀವ್ರವಾಗಿ ಮಿದುಳು ಘಾಸಿಗೊಂಡವರು ಅಡ್ರಿನಲಿನ್ ಗುಂಪಿನಲ್ಲಿ ಶೇ. 31, ಸಲೈನ್ ಗುಂಪಿನಲ್ಲಿ ಶೇ. 17.8.

ಶೇಕಡಾವಾರು ಲೆಕ್ಕವನ್ನು ಮನುಷ್ಯರ ಲೆಕ್ಕಕ್ಕೆ ತಂದರೆ ಚಿತ್ರ ಸ್ಪಷ್ಟವಾಗುತ್ತದೆ. ಸಾವಿರ ಜನರಿಗೆ ಸಲೈನ್ ಕೊಟ್ಟರೆ 24 ಜನ ಬದುಕುತ್ತಾರೆ, ಅಡ್ರಿನಲಿನ್ ಕೊಟ್ಟರೆ 32. ಹೆಚ್ಚಾಗಿ ಉಳಿದ ಆ ಎಂಟು ಜನರಲ್ಲಿ ಸುಮಾರು ಮೂವರು ತಮ್ಮ ಕೆಲಸ ತಾವು ಮಾಡಿಕೊಳ್ಳುವಂತೆ ಮರಳುತ್ತಾರೆ. ಉಳಿದವರು ಹಾಸಿಗೆಗೋ ಇನ್ನೊಬ್ಬರ ಆಸರೆಗೋ ಕಟ್ಟುಬಿದ್ದವರು. ಪ್ರಯೋಗಕ್ಕೆ ಮೊದಲು ಸಂಶೋಧಕರು ರೋಗಿಗಳನ್ನೂ ಜನಸಾಮಾನ್ಯರನ್ನೂ ಮಾತಾಡಿಸಿದಾಗ, ಬರಿ ಬದುಕುವುದಕ್ಕಿಂತ ಮಿದುಳು ನೆಟ್ಟಗಿದ್ದು ಬದುಕುವುದು ಮುಖ್ಯ ಎಂದೇ ಹೆಚ್ಚಿನವರು ಹೇಳಿದ್ದರು. ಹಾಗೆಂದು ಆ ಮೂವರನ್ನು ಲೆಕ್ಕದಿಂದ ಬಿಡಲಾಗದು. ಆಸ್ಪತ್ರೆ ಬಿಡುವ ದಿನ ಅಳೆದ ದೌರ್ಬಲ್ಯ ಕೆಲವರಲ್ಲಿ ತಿಂಗಳುಗಳು ಕಳೆದಂತೆ ಕಡಿಮೆಯಾಗುವುದೂ ಉಂಟು. ಅಡ್ರಿನಲಿನ್ ಮಿದುಳನ್ನು ಕೆಡಿಸಿತೋ, ಅಥವಾ ಮೊದಲೇ ಕೆಟ್ಟಿದ್ದ ಮಿದುಳಿನ ಜೊತೆಗಿದ್ದ ಹೃದಯವನ್ನು ಮಾತ್ರ ಎಬ್ಬಿಸಿತೋ ಎಂಬುದನ್ನು ಈ ಅಂಕಿಗಳು ಬಿಡಿಸಿ ಹೇಳುವುದಿಲ್ಲ. ಎರಡನೆಯದೇ ಹೆಚ್ಚು ಸಂಭವ ಎನ್ನಲು ಒಂದು ಬಲವಾದ ಕಾರಣವಿದೆ, ಅದು ಸಮಯ.

ಈ ಪ್ರಯೋಗದಲ್ಲಿ ತುರ್ತು ಕರೆ ಬಂದ ಮೇಲೆ ಆಂಬ್ಯುಲೆನ್ಸ್ ತಲುಪಲು ಹಿಡಿದ ಸಮಯದ ಮಧ್ಯಮಾಂಕ 6.6 ನಿಮಿಷ, ತಲುಪಿದ ಮೇಲೆ ಔಷಧ ದೇಹ ಸೇರಲು ಇನ್ನೂ 13.8 ನಿಮಿಷ. ಒಟ್ಟು 20 ನಿಮಿಷಕ್ಕೂ ಹೆಚ್ಚು. ಬ್ರಿಟನ್ನಿನಂಥ ಸಿದ್ಧವಾದ ವ್ಯವಸ್ಥೆಯಲ್ಲೂ ಇಷ್ಟು ತಡ. ಸೋಮಾರಿತನದಿಂದ ಆದದ್ದಲ್ಲ ಇದು: ಲಯ ನೋಡಬೇಕು, ಎದೆ ಒತ್ತುತ್ತಲೇ ಇರಬೇಕು, ಶಾಕ್ ಕೊಡಬೇಕು, ಶ್ವಾಸನಾಳ ತೆರೆದಿಡಬೇಕು, ರಕ್ತದೊತ್ತಡವಿಲ್ಲದೆ ಕುಗ್ಗಿಹೋದ ಅಭಿಧಮನಿ ಹುಡುಕಬೇಕು, ಎಲ್ಲವೂ ಇಬ್ಬರು ಮೂವರ ಕೈಯಲ್ಲಿ. ಔಷಧ ಒಳಹೋಗುವ ಹೊತ್ತಿಗೆ ಮಿದುಳಿನ ಗಡಿಯಾರ ಬಹಳ ದೂರ ಓಡಿರುತ್ತದೆ. ಪ್ರಯೋಗದಲ್ಲಿದ್ದ ಪ್ರತಿ ಐವರಲ್ಲಿ ಸುಮಾರು ನಾಲ್ವರ ಲಯ ಶಾಕ್‌ಗೆ ಒಗ್ಗದ ಬಗೆಯದಾಗಿತ್ತು ಎಂಬುದನ್ನೂ ನೆನೆಯಬೇಕು. ಬದುಕಿದವರ ಪ್ರಮಾಣ ಇಷ್ಟು ಕಡಿಮೆ ಇರುವುದಕ್ಕೆ ಅದೂ ಕಾರಣ.

ಅದೇ ವರದಿಯಲ್ಲಿ ಒಂದು ಹೋಲಿಕೆ ಇದೆ. ಈ ವಿಷಯದ ಬಗ್ಗೆ ಯಾರಾದರೂ ಒಂದೇ ಸಂಗತಿಯನ್ನು ನೆನಪಿಡುವುದಾದರೆ ಅದು ಇದಾಗಿರಲಿ. ಒಂದು ಜೀವ ಹೆಚ್ಚಾಗಿ ಉಳಿಯಬೇಕಾದರೆ 112 ಜನರಿಗೆ ಅಡ್ರಿನಲಿನ್ ಕೊಡಬೇಕು. ಹೃದಯ ನಿಂತಿದೆಯೆಂದು ಬೇಗ ಗುರುತಿಸಿದರೆ ಪ್ರತಿ 11 ಜನರಿಗೆ ಒಂದು, ಪಕ್ಕದಲ್ಲಿದ್ದವರು ಎದೆ ಒತ್ತಿದರೆ ಪ್ರತಿ 15 ಜನರಿಗೆ ಒಂದು, ಬೇಗ ಶಾಕ್ ಕೊಟ್ಟರೆ ಪ್ರತಿ 5 ಜನರಿಗೆ ಒಂದು ಜೀವ ಉಳಿಯುತ್ತದೆ. ಮೊದಲ ಎರಡಕ್ಕೆ ಯಾವ ಉಪಕರಣವೂ ಬೇಡ.

ಹೀಗಿದ್ದೂ ಮಾರ್ಗಸೂಚಿಗಳು ಅಡ್ರಿನಲಿನ್ ಕೈಬಿಡಲಿಲ್ಲ. ಪುನಶ್ಚೇತನ ಕ್ರಮಗಳನ್ನು ಪರಿಶೀಲಿಸುವ ಅಂತರರಾಷ್ಟ್ರೀಯ ಸಮಿತಿಯಾದ ಇಲ್ಕಾರ್ 2019ರಲ್ಲಿ ಎಲ್ಲ ಪುರಾವೆಗಳನ್ನೂ ಒಟ್ಟು ಮಾಡಿ ನೋಡಿ, ಔಷಧವನ್ನು ಕೊಡಬೇಕೆಂದೇ ಬಲವಾಗಿ ಶಿಫಾರಸು ಮಾಡಿತು. ಬದುಕುಳಿಯುವವರು ಹೆಚ್ಚುತ್ತಾರೆ ಎಂಬುದು ಸಾಬೀತಾಗಿದೆ. ಒಳ್ಳೆಯ ಸ್ಥಿತಿಯಲ್ಲಿ ಉಳಿಯುವವರು ಕಡಿಮೆಯಾಗುತ್ತಾರೆ ಎಂಬುದಕ್ಕೆ ಪುರಾವೆಯಿಲ್ಲ. ಇನ್ನಷ್ಟು ಬೇಗ ಕೊಟ್ಟರೆ ಫಲ ಹೆಚ್ಚೀತೆಂಬ ಆಶೆ ಇದೆ. ಬೀದಿಯಲ್ಲಿ ಮಂಡಿಯೂರಿ ಕೂತ ಆಂಬ್ಯುಲೆನ್ಸ್ ಸಿಬ್ಬಂದಿಗೆ ಯಾರ ಮಿದುಳು ಉಳಿದೀತು, ಯಾರದು ಉಳಿಯದು ಎಂದು ತಿಳಿಯುವ ದಾರಿಯೂ ಇಲ್ಲ. ತಿಳಿಯದಿದ್ದಾಗ ಬದುಕಿನ ಕಡೆಗೆ ವಾಲುವುದೇ ಸರಿಯಾದ ತೀರ್ಮಾನ. ಬದಲಿಯಾಗಿ ಪರೀಕ್ಷಿಸಿದ ವ್ಯಾಸೊಪ್ರೆಸಿನ್ ಎಂಬ ಇನ್ನೊಂದು ಹಾರ್ಮೋನು ಅಡ್ರಿನಲಿನ್‌ಗಿಂತ ಮೇಲೆಂದು ತೋರಲಿಲ್ಲ.

ಔಷಧವನ್ನು ಬೇಗ ತಲುಪಿಸಲು ಮೂಳೆಯ ದಾರಿಯನ್ನೂ ನೋಡಿದ್ದಾರೆ. ಮೊಣಕಾಲಿನ ಕೆಳಗೆ ಅಥವಾ ಭುಜದ ಮೂಳೆಗೆ ಸಣ್ಣ ಡ್ರಿಲ್‌ನಿಂದ ಸೂಜಿ ಇಳಿಸಿದರೆ ಒಳಗಿನ ಮಜ್ಜೆಯ ನಾಳಗಳ ಮೂಲಕ ಔಷಧ ರಕ್ತಕ್ಕೆ ಸೇರುತ್ತದೆ. ಅಭಿಧಮನಿ ಸಿಗದೆ ಪರದಾಡುವ ಬದಲು ಇದೇ ವಾಸಿ ಎಂಬ ನಂಬಿಕೆ ಹರಡಿತ್ತು. 2024ರಲ್ಲಿ ಬ್ರಿಟನ್ನಿನಿಂದ 6,000ಕ್ಕೂ ಹೆಚ್ಚು ರೋಗಿಗಳ ಪ್ಯಾರಾಮೆಡಿಕ್-3, ಡೆನ್ಮಾರ್ಕಿನಿಂದ ಅದಕ್ಕಿಂತ ಚಿಕ್ಕದಾದ ಇನ್ನೊಂದು ಪ್ರಯೋಗದ ಫಲಿತಾಂಶಗಳು ಬಂದವು. ಮೊದಲು ಮೂಳೆಗೆ ಹೋದರೂ ಮೊದಲು ಅಭಿಧಮನಿಗೆ ಹೋದರೂ ಬದುಕುಳಿದವರ ಸಂಖ್ಯೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಕರ್ನಾಟಕದಲ್ಲಿ 2008ರಿಂದ ಆರೋಗ್ಯ ಕವಚ ಹೆಸರಿನಲ್ಲಿ 108 ಆಂಬ್ಯುಲೆನ್ಸ್ ಸೇವೆ ಇದೆ. ಆದರೆ ಬೆಂಗಳೂರಿನ ಸಂಜೆಯ ವಾಹನದಟ್ಟಣೆಯಲ್ಲಿ, ಮಲೆನಾಡಿನ ಒಂಟಿ ಮನೆಗಳ ದಾರಿಯಲ್ಲಿ ಬ್ರಿಟನ್ನಿನ 6.6 ನಿಮಿಷವನ್ನು ನಿರೀಕ್ಷಿಸುವುದು ಕಷ್ಟ. ಇಲ್ಲಿ ಅಡ್ರಿನಲಿನ್ ಇನ್ನೂ ತಡವಾಗಿ ಬರುತ್ತದೆ. ಆದ್ದರಿಂದ ಅದು ಬರುವ ಮೊದಲಿನ ನಿಮಿಷಗಳ ತೂಕ ಇಲ್ಲಿ ಇನ್ನೂ ಹೆಚ್ಚು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ನಿನ ಬಗ್ಗೆ ಜನ ಕೇಳಿದ್ದಾರೆ. ಅದು ಹೃದಯಾಘಾತದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಮದ್ದು. ಬಡಿಯುತ್ತಿರುವ ಹೃದಯಕ್ಕೆ ಕೊಡುವಂಥದ್ದು. ನಿಂತ ಹೃದಯಕ್ಕೆ ಕೊಡುವ ಅಡ್ರಿನಲಿನ್ ಬೇರೆ. ಇವೆರಡನ್ನೂ ಒಂದೇ ಎಂದು ತಿಳಿದು ಆಸ್ಪತ್ರೆಗೆ ಓಡುವ ಅವಸರದಲ್ಲಿ ಎದೆ ಒತ್ತುವುದನ್ನು ಬಿಟ್ಟರೆ ನಷ್ಟ ತುಂಬಲಾಗದ್ದು.

ಭಾರತದ ಅರಿವಳಿಕೆ ತಜ್ಞರು ಮುಂದೆ ನಿಂತು ರೂಪಿಸಿದ, ಸಾಮಾನ್ಯ ಜನರಿಗೆಂದೇ ಇರುವ ಕಾಲ್ಸ್ ಎಂಬ ವಿಧಾನ ಬಾಯಿಗೆ ಬಾಯಿ ಇಡುವುದನ್ನು ಕೈಬಿಟ್ಟು ಎದೆ ಒತ್ತುವುದನ್ನಷ್ಟೇ ಕಲಿಸುತ್ತದೆ. ಕರೆದರೆ ಓಗೊಡದ, ಸರಿಯಾಗಿ ಉಸಿರಾಡದ ವ್ಯಕ್ತಿ ಕಂಡರೆ 108ಕ್ಕೆ ಕರೆ ಮಾಡಿ, ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಮೂಳೆಯ ಕೆಳಗಿನ ಅರ್ಧದ ಮೇಲೆ ಒಂದರ ಮೇಲೊಂದು ಅಂಗೈ ಇಟ್ಟು, ಮೊಣಕೈ ಮಡಿಸದೆ, ವಯಸ್ಕರಿಗೆ 5ರಿಂದ 6 ಸೆಂಟಿಮೀಟರ್ ಇಳಿಯುವಂತೆ ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು; ಪ್ರತಿ ಬಾರಿಯೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ದಣಿದರೆ ಇನ್ನೊಬ್ಬರು ಮುಂದುವರಿಸಬೇಕು. ಆಂಬ್ಯುಲೆನ್ಸ್ ಸಿಬ್ಬಂದಿ ಮುಟ್ಟುವವರೆಗೆ ಹೀಗೆ ಹರಿದ ರಕ್ತದಿಂದಲೇ ಮಿದುಳು ಉಳಿದಿರುತ್ತದೆ, ಅವರು ಕೊಡುವ ಔಷಧಕ್ಕೂ ಫಲ ಸಿಗುವ ಅವಕಾಶ ಉಳಿದಿರುತ್ತದೆ.

ಇನ್ನೂ ಬಗೆಹರಿಯದ ಪ್ರಶ್ನೆಗಳು ಮುಖ್ಯವಾಗಿ ಪ್ರಮಾಣಕ್ಕೂ ಸಮಯಕ್ಕೂ ಸಂಬಂಧಿಸಿದವು. ಐದಾರು ಡೋಸ್‌ಗಳವರೆಗೆ ಹೋಗುವ ಈಗಿನ ಕ್ರಮದಲ್ಲಿ ಮೊದಲ ಒಂದೆರಡು ಡೋಸ್ ಹೃದಯಕ್ಕೆ ನೆರವಾಗಿ, ಮುಂದಿನವು ಮಿದುಳಿಗೆ ಹೊರೆಯಾಗುತ್ತಿರಬಹುದೇ? ಶಾಕ್‌ಗೆ ಒಗ್ಗುವ ಲಯದ ರೋಗಿಗಳಲ್ಲಿ ಒಟ್ಟು ಪ್ರಮಾಣವನ್ನು ತಗ್ಗಿಸಿ ನೋಡುವ ಎಪಿಡೋಸ್ ಎಂಬ ಪ್ರಯೋಗವನ್ನು ಕೆನಡಾದಲ್ಲಿ ಕೈಗೊಂಡಿದ್ದಾರೆ. ಎಲ್ಲರಿಗೂ ಒಂದೇ 1 ಮಿಲಿಗ್ರಾಂ ಕೊಡುವ ಬದಲು, ಆಸ್ಪತ್ರೆಯ ತೀವ್ರ ನಿಗಾ ಘಟಕಗಳಲ್ಲಿ ಸಾಧ್ಯವಿರುವಂತೆ, ಅಪಧಮನಿಯ ಒತ್ತಡವನ್ನು ಕ್ಷಣಕ್ಷಣಕ್ಕೂ ಅಳೆದು ಬೇಕಾದಷ್ಟೇ ಕೊಡುವ ಕ್ರಮ ತರ್ಕಕ್ಕೆ ಒಪ್ಪುತ್ತದೆ. ಬೀದಿಯಲ್ಲಿ ಅದನ್ನು ಮಾಡುವ ಸುಲಭ ಉಪಕರಣ ಮಾತ್ರ ಇನ್ನೂ ಸಾಮಾನ್ಯ ಬಳಕೆಗೆ ಬಂದಿಲ್ಲ. ಅಲ್ಲಿಯವರೆಗೆ ಆಂಬ್ಯುಲೆನ್ಸ್ ಸಿಬ್ಬಂದಿ ಪಾಲಿಸುವುದು ಹಳೆಯ ಪ್ರಮಾಣವನ್ನೇ: 1 ಮಿಲಿಗ್ರಾಂ, 3ರಿಂದ 5 ನಿಮಿಷಕ್ಕೊಮ್ಮೆ.